ಅತಿವೃಷ್ಟಿ, ಪ್ರವಾಹ ಮತ್ತು ಬಿಸಿಗಾಳಿ: ಬಾಗಲಕೋಟೆ, ಬಾದಾಮಿ, ಹುನಗುಂದ ಹಾಗೂ ಇಳಕಲ್ ಪಟ್ಟಣಗಳ ದುರ್ಬಲ ಕುಟುಂಬಗಳಿಗೆ ಮುನ್ಸಿದ್ಧತಾ ಮಾಹಿತಿ

ಪೀಠಿಕೆ

ಬಾಗಲಕೋಟೆ ಜಿಲ್ಲೆಯು ಕಡಿಮೆ ಮಳೆ ಬೀಳುವ ಪ್ರದೇಶವಾಗಿರುತ್ತದೆ. ಇಲ್ಲಿನ ವಾರ್ಷಿಕ ವಾಡಿಕೆ ಮಳೆ 600 ಮಿ.ಮೀ. ಒಳಗೇ ಇದೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದಂತಹ ವರ್ಷಗಳೇ ಈ ಭಾಗದ ಜನರ ನೆನಪಿನಲ್ಲಿ ಹೆಚ್ಚಾಗಿ ಉಳಿದಿವೆ. ಆದಕಾರಣ ಪ್ರವಾಹವೆಂದರೆ ಹೊಳೆದಂಡೆಯ ಹಳ್ಳಿಗಳ ವಿಷಯ, ಪಟ್ಟಣಕ್ಕೆ ಅದರ ಬಾಧೆಯಿಲ್ಲ ಎಂಬ ಭಾವನೆ ಸಾರ್ವಜನಿಕರಲ್ಲಿ ಬೇರೂರಿದೆ. ಈ ಭಾವನೆ ಸರಿಯಲ್ಲ. ಭಾರತ ಹವಾಮಾನ ಇಲಾಖೆಯು 24 ಗಂಟೆಗಳಲ್ಲಿ 64.5 ಮಿ.ಮೀ.ಗಿಂತ ಹೆಚ್ಚಿನ ಮಳೆಯನ್ನು ‘ಭಾರೀ ಮಳೆ’ ಎಂದೂ, 115.6 ಮಿ.ಮೀ.ನಿಂದ 204.4 ಮಿ.ಮೀ.ವರೆಗಿನ ಮಳೆಯನ್ನು ‘ಅತಿ ಭಾರೀ ಮಳೆ’ ಎಂದೂ ವರ್ಗೀಕರಿಸಿದೆ. ಅಂದರೆ, ಅತಿ ಭಾರೀ ಮಳೆಯಾದ ಒಂದೇ ದಿನದಲ್ಲಿ ಇಡೀ ವರ್ಷದ ಮಳೆಯ ಐದನೆಯ ಒಂದು ಭಾಗ ನಮ್ಮ ಮಾಳಿಗೆಗಳ ಮೇಲೆ ಸುರಿಯುತ್ತದೆ. ಒಣ ಹವೆಗೆಂದು ಕಟ್ಟಿದ ಮಣ್ಣಿನ ಗೋಡೆಗಳು ಇಂತಹ ಮಳೆಯನ್ನು ತಾಳಲಾರವು.

ಈ ಪುಟದಲ್ಲಿ ನಾಲ್ಕು ಪಟ್ಟಣಗಳ ಪರಿಸ್ಥಿತಿಯನ್ನು ವಿವರಿಸಿ, ಮಳೆಗಾಲಕ್ಕೂ ಬೇಸಿಗೆಗೂ ಮುನ್ನ ದುರ್ಬಲ ಕುಟುಂಬಗಳು, ವಾರ್ಡಿನ ಪ್ರತಿನಿಧಿಗಳು ಹಾಗೂ ಸ್ವಸಹಾಯ ಸಂಘಗಳು ಕೈಗೊಳ್ಳತಕ್ಕ ಕ್ರಮಗಳನ್ನು ತಿಳಿಸಲಾಗಿದೆ. ಪಟ್ಟಿಯಲ್ಲಿ ಹೆಸರು ದಾಖಲಾಗುವ ವಿಷಯಕ್ಕೆ ಹೆಚ್ಚಿನ ಸ್ಥಳ ನೀಡಲಾಗಿದೆ. ವಿಪತ್ತಿನ ವೇಳೆ ದೋಣಿಯೂ ಆಹಾರವೂ ಹೇಗೋ ತಲುಪುತ್ತವೆ. ಆದರೆ ಯಾವ ದಾಖಲೆಯಲ್ಲಿಯೂ ಇಲ್ಲದ ಕುಟುಂಬಕ್ಕೆ ಪರಿಹಾರ ತಲುಪುವುದು ಕಷ್ಟ.

ಎರಡು ವರ್ಷಗಳ ಅನುಭವ

2009ರ ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಮೊದಲ ವಾರದವರೆಗೆ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆ ಸ್ಥಳೀಯವಾಗಿಯೇ ಬಿದ್ದ ಮಳೆಯಾಗಿತ್ತು. ಮುಂಗಾರು ಮುಗಿಯಿತೆಂದು ಜನರು ನಿಶ್ಚಿಂತರಾಗಿದ್ದ ಸಮಯದಲ್ಲಿ ಮಾಳಿಗೆ ಮನೆಗಳು ನೆನೆದು ಕುಸಿದವು. ಆ ಬಾರಿ ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಸಂತ್ರಸ್ತರಿಗಾಗಿ ‘ಆಸರೆ’ ಯೋಜನೆಯಡಿ ಹೊಸ ಮನೆಗಳನ್ನು ನಿರ್ಮಿಸಲಾಯಿತು.

2019ರ ಆಗಸ್ಟ್ ತಿಂಗಳ ಪ್ರವಾಹ ಬೇರೆ ಬಗೆಯದು. ಮುಖ್ಯವಾಗಿ ಪಶ್ಚಿಮ ಘಟ್ಟದ ಮಳೆಯಿಂದ ಕೃಷ್ಣಾ, ಘಟಪ್ರಭಾ ಮತ್ತು ಮಲಪ್ರಭಾ ನದಿಗಳು ಉಕ್ಕಿ ಬಂದವು. ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೇ ನೀರು ನುಗ್ಗಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮಲಪ್ರಭೆ ಮತ್ತೊಮ್ಮೆ ಉಕ್ಕಿತು. ಆಕಾಶ ನೋಡಿ ಪ್ರವಾಹವನ್ನು ಊಹಿಸುವ ರೂಢಿ 2009ರಲ್ಲಿ ಅಲ್ಪಸ್ವಲ್ಪ ಉಪಯೋಗಕ್ಕೆ ಬಂದಿರಬಹುದು; 2019ರಲ್ಲಿ ಅದು ನಿರುಪಯುಕ್ತವಾಗಿತ್ತು. ಆದ್ದರಿಂದ ಮನೆಯ ಗೋಡೆಯನ್ನು ಗಮನಿಸುವುದೂ ಬೇಕು, ಮೇಲಿನ ನದಿಯ ಸುದ್ದಿಯನ್ನು ಕೇಳುವುದೂ ಬೇಕು.

ನಾಲ್ಕು ಪಟ್ಟಣಗಳು, ನೀರು ಬರುವ ದಾರಿ

ಬಾಗಲಕೋಟೆ ನಗರವು ಘಟಪ್ರಭಾ ನದಿಯ ದಂಡೆಯಲ್ಲಿದ್ದು, ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹೊಂದಿಕೊಂಡಿದೆ. ಜಲಾಶಯದ ಗರಿಷ್ಠ ಸಂಗ್ರಹ ಮಟ್ಟ 519.60 ಮೀಟರ್. ಹಳೆಯ ನಗರದ ಬಹುಭಾಗ ಮುಳುಗಡೆಗೆ ಒಳಪಟ್ಟ ಕಾರಣ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಮೂಲಕ ನವನಗರವನ್ನು ನಿರ್ಮಿಸಲಾಗಿದೆ. ಹಳೆಯ ನಗರದಲ್ಲಿ ಉಳಿದಿರುವವರಲ್ಲಿ ವ್ಯಾಪಾರಸ್ಥರೂ ಇದ್ದಾರೆ, ಬಾಡಿಗೆದಾರರೂ ಕೂಲಿಕಾರರೂ ಇದ್ದಾರೆ. ಕೃಷ್ಣಾ ಜಲವಿವಾದ ನ್ಯಾಯಾಧಿಕರಣವು 2010ರ ಡಿಸೆಂಬರ್ 30ರ ತೀರ್ಪಿನಲ್ಲಿ ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅವಕಾಶ ನೀಡಿದ ನಂತರ ಇನ್ನಷ್ಟು ಪ್ರದೇಶದ ಮುಳುಗಡೆಯ ಮಾತು ನಡೆದುಕೊಂಡೇ ಬಂದಿದೆ. ಇದರ ಒಂದು ಪರಿಣಾಮವನ್ನು ಯಾವ ನಕ್ಷೆಯೂ ತೋರಿಸುವುದಿಲ್ಲ. ಇಂದೋ ನಾಳೆಯೋ ಬಿಟ್ಟು ಹೋಗಬೇಕಾದ ಮನೆಗೆ ಯಾರೂ ಹಣ ಹಾಕಿ ದುರಸ್ತಿ ಮಾಡಿಸುವುದಿಲ್ಲ. ಬಾಡಿಗೆಯೂ ಅಲ್ಲಿ ಕಡಿಮೆ. ಕಡಿಮೆ ಬಾಡಿಗೆಯನ್ನು ಹುಡುಕಿಕೊಂಡು ಬರುವವರು ಬಡವರು. ಮಳೆಗೆ ಮೊದಲು ಕುಸಿಯುವ ಗೋಡೆಗಳ ನಡುವೆ ಅವರೇ ಮಲಗಿರುತ್ತಾರೆ.

ಘಟಪ್ರಭೆಯ ನೀರನ್ನು ಹಿಡಕಲ್ ಜಲಾಶಯದ ಹೊರಹರಿವಿನಿಂದಷ್ಟೇ ಅಳೆಯುವುದು ಸಾಲದು. ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ನದಿಗಳು ಆ ಅಣೆಕಟ್ಟೆಯ ಕೆಳಭಾಗದಲ್ಲಿ ಬಂದು ಸೇರುತ್ತವೆ. ಮಲಪ್ರಭೆಯದೂ ಇದೇ ಸ್ಥಿತಿ. ನವಿಲುತೀರ್ಥದ ರೇಣುಕಾಸಾಗರ ಜಲಾಶಯದಿಂದ ನೀರು ಬಿಡದಿದ್ದರೂ, ಧಾರವಾಡ ಮತ್ತು ಗದಗ ಜಿಲ್ಲೆಗಳ ಕಪ್ಪು ಮಣ್ಣಿನ ಬಯಲಿನಿಂದ ಹರಿದು ಬರುವ ಬೆಣ್ಣೆಹಳ್ಳವು ಜಲಾಶಯದ ಕೆಳಗೆ ಮಲಪ್ರಭೆಯನ್ನು ಸೇರಿ, ಬಾದಾಮಿ ತಾಲ್ಲೂಕಿಗೆ ಪ್ರವಾಹವನ್ನು ತರಬಲ್ಲದು. “ಡ್ಯಾಮಿನಿಂದ ನೀರು ಬಿಟ್ಟಿಲ್ಲ” ಎಂಬ ಒಂದೇ ಸುದ್ದಿಯನ್ನು ನಂಬಿ ಹೊಳೆದಂಡೆಯಲ್ಲಿ ಉಳಿಯಬಾರದು.

ಬಾದಾಮಿ ಪಟ್ಟಣಕ್ಕೆ ನೀರು ನದಿಯಿಂದ ಬರುವುದಿಲ್ಲ, ಬೆಟ್ಟದಿಂದ ಇಳಿಯುತ್ತದೆ. ಬರಿಯ ಮರಳುಗಲ್ಲಿನ ಬೆಟ್ಟಗಳು ಮಳೆಯನ್ನು ಹೀರಿಕೊಳ್ಳುವುದಿಲ್ಲ. ಬಿದ್ದ ನೀರು ಸ್ವಲ್ಪ ಹೊತ್ತಿನಲ್ಲಿಯೇ ಕೆಳಗೆ ಧುಮುಕುತ್ತದೆ. ಪ್ರವಾಸಿಗರು ನೋಡಲು ಬರುವ ಅಕ್ಕ-ತಂಗಿ ಜಲಪಾತ ಇದೇ ಕಾರಣದಿಂದ ಮಳೆ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತದೆ. ಅಗಸ್ತ್ಯ ತೀರ್ಥದ ಸುತ್ತಲಿನ ಹಳೆಯ ಓಣಿಗಳಲ್ಲಿ ವಾಸಿಸುವವರಿಗೆ ಮತ್ತೊಂದು ವಿಶೇಷ ತೊಡಕು ಇದೆ. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಅಧಿನಿಯಮದಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ವ್ಯಾಪ್ತಿ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಇರುವ ಮನೆಯ ದುರಸ್ತಿ ಮತ್ತು ನವೀಕರಣಕ್ಕೆ ಅರ್ಜಿ ಸಲ್ಲಿಸಿ ಅನುಮತಿ ಪಡೆಯಬಹುದು. ನಿಂತಿರುವ ಮನೆಗೆ ದುರಸ್ತಿಯ ಅನುಮತಿ ಕೇಳುವುದು ಒಂದು ವಿಷಯ, ಬಿದ್ದುಹೋದ ಮನೆಯನ್ನು ಹೊಸದಾಗಿ ಕಟ್ಟುತ್ತೇನೆಂದು ಕೇಳುವುದು ಬೇರೆಯೇ ವಿಷಯ. ಆದ್ದರಿಂದ ಈ ವ್ಯಾಪ್ತಿಯ ನಿವಾಸಿಗಳು ಗೋಡೆಯಲ್ಲಿ ಬಿರುಕು ಕಂಡ ಕೂಡಲೇ, ಬೇಸಿಗೆಯಲ್ಲಿಯೇ, ಅರ್ಜಿ ಸಲ್ಲಿಸುವುದು ಹಿತಕರ.

ಹುನಗುಂದ ಮತ್ತು ಇಳಕಲ್ ಪಟ್ಟಣಗಳು ನದಿಯ ದಂಡೆಯಲ್ಲಿಲ್ಲ. ಇಲ್ಲಿನ ಅಪಾಯ ಹಳ್ಳ ಮತ್ತು ಚರಂಡಿಗಳದು. ತಗ್ಗಿನ ಬಡಾವಣೆಗಳಿಗೆ ರಾತ್ರಿ ನುಗ್ಗಿದ ನೀರು ಬೆಳಗಾಗುವುದರೊಳಗೆ ಇಳಿದು ಹೋಗಬಹುದು. ಕೆಸರು, ನೆನೆದ ಜೋಳ ಮತ್ತು ಹಾಳಾದ ನೂಲು ಉಳಿಯುತ್ತವೆ. ಇಂತಹ ಅಲ್ಪಾವಧಿಯ ಪ್ರವಾಹಕ್ಕೆ ಪತ್ರಿಕೆಗಳಲ್ಲಿ ಹೆಚ್ಚಿನ ಸ್ಥಳ ಸಿಗುವುದಿಲ್ಲ. ಪರಿಹಾರದ ನಿಯಮಗಳಲ್ಲಿಯೂ ಅದಕ್ಕೆ ಸ್ಥಳ ಕಡಿಮೆ ಎಂಬುದನ್ನು ಮುಂದೆ ವಿವರಿಸಲಾಗಿದೆ.

ಪಟ್ಟಿಯಲ್ಲಿ ಇಲ್ಲದವರು

ವಿಪತ್ತು ನಿರ್ವಹಣಾ ಅಧಿನಿಯಮ, 2005ರಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಇರುತ್ತದೆ. ಕಲಂ 41ರ ಪ್ರಕಾರ ಸಿಬ್ಬಂದಿಗೆ ತರಬೇತಿ ನೀಡುವುದು, ಸಲಕರಣೆಗಳನ್ನು ಸಿದ್ಧವಾಗಿಡುವುದು ಹಾಗೂ ತಮ್ಮ ವ್ಯಾಪ್ತಿಯಲ್ಲಿ ಪರಿಹಾರ ಕಾರ್ಯ ನಡೆಸುವುದು ಸ್ಥಳೀಯ ಸಂಸ್ಥೆಗಳ ಕರ್ತವ್ಯ. 2025ರ ತಿದ್ದುಪಡಿಯಲ್ಲಿ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರಗಳಿಗೆ ಅವಕಾಶ ಕಲ್ಪಿಸಲಾಗಿದೆ. ಆದರೆ ಅದು ರಾಜ್ಯದ ರಾಜಧಾನಿ ಮತ್ತು ಮಹಾನಗರಪಾಲಿಕೆಯುಳ್ಳ ನಗರಗಳಿಗೆ ಸಂಬಂಧಿಸಿದ್ದು. ನಗರಸಭೆಯಿರುವ ಬಾಗಲಕೋಟೆ ಮತ್ತು ಇಳಕಲ್, ಪುರಸಭೆಯಿರುವ ಬಾದಾಮಿ ಮತ್ತು ಹುನಗುಂದ ಪಟ್ಟಣಗಳಿಗೆ ಹೊಣೆಗಾರಿಕೆ ಮೊದಲಿನಂತೆ ಜಿಲ್ಲಾ ಪ್ರಾಧಿಕಾರ ಮತ್ತು ಸ್ಥಳೀಯ ಸಂಸ್ಥೆಯ ಮೇಲೆಯೇ ಇದೆ.

ಗ್ರಾಮದಲ್ಲಿ ಯಾರ ಮನೆಯಲ್ಲಿ ಹಾಸಿಗೆ ಹಿಡಿದ ವೃದ್ಧರಿದ್ದಾರೆ, ಯಾರ ಸೊಸೆ ತುಂಬು ಗರ್ಭಿಣಿ ಎಂಬುದು ಊರಿಗೆಲ್ಲ ತಿಳಿದಿರುತ್ತದೆ. ಪಟ್ಟಣದಲ್ಲಿ ಹಾಗಿಲ್ಲ. ಬಾಡಿಗೆ ಕೋಣೆಯಲ್ಲಿರುವ ಕಲ್ಲುಗಣಿ ಕಾರ್ಮಿಕ, ಕಟ್ಟಡ ಕೆಲಸಕ್ಕೆ ಬಂದು ಬಯಲಲ್ಲಿ ತಾಡಪತ್ರಿ ಕಟ್ಟಿಕೊಂಡ ಕುಟುಂಬ, ಒಂಟಿಯಾಗಿ ಬದುಕುವ ವಿಧವೆ, ಕಣ್ಣು ಕಾಣದ ಅಜ್ಜ, ಇವರೆಲ್ಲರೂ ಆಸ್ತಿ ತೆರಿಗೆಯ ವಹಿಯಲ್ಲಿ ಸಿಗುವುದಿಲ್ಲ. ಆಸ್ತಿಯ ಪಟ್ಟಿ ಮತ್ತು ವಾಸಿಸುವವರ ಪಟ್ಟಿ ಒಂದೇ ಎಂದು ತಿಳಿಯುವುದು ಲೆಕ್ಕದಲ್ಲಿ ಜಮೆ-ಖರ್ಚನ್ನು ಒಂದೇ ಕಾಲಮಿನಲ್ಲಿ ಬರೆದಂತೆ.

ಆದ್ದರಿಂದ ಪ್ರತಿ ವಾರ್ಡಿನಲ್ಲಿ ಏಪ್ರಿಲ್ ತಿಂಗಳೊಳಗೆ ವಾಸಿಸುವವರ ಪಟ್ಟಿಯನ್ನು ತಯಾರಿಸುವುದು ಸೂಕ್ತ. ಇದಕ್ಕೆ ದೊಡ್ಡ ವೆಚ್ಚವೇನೂ ಇಲ್ಲ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ನೀರು ಬಿಡುವ ವಾಲ್ವಮನ್ ಮತ್ತು ಪೌರಕಾರ್ಮಿಕರು ಒಂದು ಮಧ್ಯಾಹ್ನ ಕುಳಿತರೆ ಆ ಓಣಿಯ ಸ್ಥಿತಿ ಬಹುಮಟ್ಟಿಗೆ ಹೊರಬರುತ್ತದೆ. ನಡೆಯಲಾಗದವರು, ಗರ್ಭಿಣಿಯರು, ಒಂಟಿ ವೃದ್ಧರು, ಡಯಾಲಿಸಿಸ್‌ನಂತಹ ನಿರಂತರ ಚಿಕಿತ್ಸೆಯಲ್ಲಿರುವವರು ಹಾಗೂ ಮಣ್ಣಿನ ಮಾಳಿಗೆ ಮನೆಯವರನ್ನು ಪ್ರತ್ಯೇಕವಾಗಿ ಗುರುತಿಸಿ, ಪ್ರತಿಯೊಬ್ಬರ ಹೆಸರಿನ ಎದುರು ಅವರನ್ನು ಕರೆತರುವ ಹೊಣೆ ಯಾರದು ಎಂಬುದನ್ನೂ ಬರೆಯಬೇಕು. ಹೊಣೆಗಾರರ ಹೆಸರಿಲ್ಲದ ಪಟ್ಟಿ ಕಡತದಲ್ಲಿಡಲು ಮಾತ್ರ ಯೋಗ್ಯ.

ಕಾಳಜಿ ಕೇಂದ್ರವೂ ಮೊದಲೇ ಗೊತ್ತಿರಬೇಕು. (ಹಿಂದೆ ಇದಕ್ಕೆ ‘ಗಂಜಿ ಕೇಂದ್ರ’ ಎನ್ನುತ್ತಿದ್ದರು, ಆ ಹೆಸರಿನ ಮುಜುಗರಕ್ಕೇ ಹಲವರು ಅತ್ತ ಬಾರದಿರುತ್ತಿದ್ದರು.) ಶಾಲೆಗಳಲ್ಲದೆ ಕಲ್ಯಾಣ ಮಂಟಪಗಳನ್ನೂ ಅಧಿನಿಯಮದ ಕಲಂ 65ರಡಿ ವಶಕ್ಕೆ ಪಡೆಯಲು ಅವಕಾಶವಿದ್ದು, ಅದಕ್ಕೆ ಹಣ ಪಾವತಿಯ ವಿಧಾನವನ್ನು ಕಲಂ 66ರಲ್ಲಿ ತಿಳಿಸಲಾಗಿದೆ. ಕಲಂ 61ರಂತೆ ಪರಿಹಾರ ವಿತರಣೆಯಲ್ಲಿ ಲಿಂಗ, ಜಾತಿ, ಸಮುದಾಯ, ವಂಶ ಅಥವಾ ಧರ್ಮದ ಆಧಾರದ ಮೇಲೆ ತಾರತಮ್ಯ ಮಾಡತಕ್ಕದ್ದಲ್ಲ. ಕೇಂದ್ರದಲ್ಲಿ ಮಹಿಳೆಯರಿಗೆ ಪ್ರತ್ಯೇಕ ಶೌಚಾಲಯ ಮತ್ತು ರಾತ್ರಿ ದೀಪ ಇಲ್ಲದಿದ್ದರೆ, ಅವರು ಒದ್ದೆ ಮನೆಯಲ್ಲಿಯೇ ಉಳಿಯುತ್ತಾರೆ ಎಂಬುದನ್ನು ವ್ಯವಸ್ಥಾಪಕರು ಗಮನಿಸಬೇಕು.

ಮಣ್ಣಿನ ಮಾಳಿಗೆ ಮನೆಗಳು

ಮೇಲ್ಮುದ್ದೆ ಹಾಕಿದ ಮಾಳಿಗೆಯು ಬೇಸಿಗೆಯಲ್ಲಿ ತಂಪಾಗಿರುತ್ತದೆ, ಅದರಲ್ಲಿ ಸಂದೇಹವಿಲ್ಲ. ಆದರೆ ನೆನೆದ ಮಣ್ಣಿನ ಭಾರ ತೊಲೆಗಳ ಮೇಲೆ ಬೀಳುತ್ತದೆ, ಗೋಡೆಯ ಬುಡವೂ ಮೆತ್ತಗಾಗುತ್ತದೆ. ಮಳೆ ಸುರಿಯುತ್ತಿರುವಾಗಲೇ ಗೋಡೆ ಬೀಳಬೇಕೆಂದಿಲ್ಲ. ಮಳೆ ನಿಂತು ಬಿಸಿಲು ಬಂದ ಮೇಲೂ ಬೀಳಬಹುದು. ನೀರು ಇಳಿಯಿತೆಂದು ಅದೇ ರಾತ್ರಿ ಒಳಗೆ ಮಲಗುವುದು ಅಪಾಯಕರ. ಮೇ ತಿಂಗಳಲ್ಲಿ ಮಾಳಿಗೆಯ ಮಣ್ಣನ್ನು ತೆಳುಗೊಳಿಸಿ, ಇಳಿಜಾರು ಸರಿಪಡಿಸಿ, ನೀರು ಹೋಗುವ ದೋಣಿಗಳನ್ನು ಸ್ವಚ್ಛಗೊಳಿಸಬೇಕು. ವರ್ಷವರ್ಷವೂ ಹೊಸ ಮಣ್ಣನ್ನು ಹಳೆಯದರ ಮೇಲೆಯೇ ಹಾಕುತ್ತ ಹೋಗುವ ರೂಢಿಯನ್ನು ಬಿಡಬೇಕು. ಗೋಡೆ ಉಬ್ಬಿದ್ದರೆ, ಬಾಗಿಲು ಹಠಾತ್ತನೆ ಬಿಗಿಯಾದರೆ, ತೊಲೆಯಿಂದ ಮಣ್ಣು ಉದುರಿದರೆ ಸಾಮಾನು ಬಿಟ್ಟು ಹೊರಬರತಕ್ಕದ್ದು. ದನಕರುಗಳನ್ನು ಅಂತಹ ಗೋಡೆಗೆ ಕಟ್ಟಬಾರದು.

ಇಳಕಲ್ಲಿನ ಕುಣಿಮಗ್ಗಗಳು

ಇಳಕಲ್ ಸೀರೆ ನೇಯುವ ಕುಣಿಮಗ್ಗದಲ್ಲಿ ನೇಕಾರರು ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಸಿ ಕೂರುತ್ತಾರೆ. ಮನೆಯಲ್ಲಿ ಅತ್ಯಂತ ತಗ್ಗಿನ ಸ್ಥಳ ಇದೇ. ಹೊಸ್ತಿಲು ದಾಟಿದ ನೀರು ಮೊದಲು ತುಂಬುವುದೂ ಇದನ್ನೇ. ಕುಣಿಯೊಳಗಿನ ಮೆಟ್ಟುಹಲಗೆ ಉಬ್ಬುತ್ತದೆ, ಹಾಸು ತೇವ ಹಿಡಿದು ಬಣ್ಣ ಕೂಡುತ್ತದೆ. ಸೆರಗಿನ ರೇಷ್ಮೆಯ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಕೂಡಿಸಿದ ಮೇಲೆ ಇಡೀ ಸೀರೆಯೇ ಮಗ್ಗದ ಮೇಲಿರುತ್ತದೆ. ಅದನ್ನು ತಟ್ಟನೆ ಬಿಚ್ಚಿ ಎತ್ತಿಡಲಾಗದು. ಕುಣಿ ಒಣಗುವವರೆಗೆ ಕೂಲಿಯೂ ಇಲ್ಲ.

ಕುಣಿಯ ಸುತ್ತ ಒಂದು ಗೇಣು ಎತ್ತರದ ಕಟ್ಟೆ ಕಟ್ಟಿಸುವುದು ಅಲ್ಪ ವೆಚ್ಚದ ಕೆಲಸ. ನೂಲಿನ ಲಡಿ ಮತ್ತು ರೇಷ್ಮೆಯನ್ನು ನೆಲದ ಮೇಲಿಡದೆ ಅಟ್ಟದ ಮೇಲೆ ಪ್ಲಾಸ್ಟಿಕ್ ಡಬ್ಬಿಯಲ್ಲಿಡಬೇಕು. ವಿದ್ಯುತ್ ಮಗ್ಗವಿದ್ದವರು ನೀರು ಬರುವ ಮೊದಲೇ ಮುಖ್ಯ ಸ್ವಿಚ್ ಆರಿಸತಕ್ಕದ್ದು.

ಲೆಕ್ಕದ ವಿಷಯವೊಂದನ್ನು ನೇಕಾರರು ಸ್ಪಷ್ಟವಾಗಿ ತಿಳಿದಿರಬೇಕು. ರಾಜ್ಯ ವಿಪತ್ತು ಪರಿಹಾರ ನಿಧಿಯ 2022–23ರಿಂದ 2025–26ರ ಅವಧಿಯ ಮಾನದಂಡಗಳಲ್ಲಿ ಕೈಮಗ್ಗ ಕುಶಲಕರ್ಮಿಗಳಿಗೆ ಹಾನಿಯಾದ ಸಲಕರಣೆಗೆ ₹5,000 ಹಾಗೂ ಕಚ್ಚಾ ಮಾಲು, ಅರೆತಯಾರಿ ಅಥವಾ ಸಿದ್ಧ ಮಾಲಿನ ನಷ್ಟಕ್ಕೆ ₹5,000 ನಿಗದಿಯಾಗಿತ್ತು. ಅನೇಕ ಮನೆಗಳಲ್ಲಿ ಮಗ್ಗ ನೇಕಾರನದು, ನೂಲು ಮಾಲೀಕನದು. ನೂಲು ಹಾಳಾದಾಗ ಅದರ ಬೆಲೆಯನ್ನು ನೇಕಾರನ ಮುಂಗಡ ಖಾತೆಗೆ ಸೇರಿಸುವ ರೂಢಿ ಕೆಲವೆಡೆ ಇದೆ. ಆಗ ನಷ್ಟ ಅನುಭವಿಸಿದವನು ನೇಕಾರನೇ. ಆದುದರಿಂದ ನೂಲು ಪಡೆದ ದಿನಾಂಕ ಮತ್ತು ತೂಕವನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಸಹಿ ಪಡೆದಿರಬೇಕು. ನೇಕಾರರ ಗುರುತಿನ ಚೀಟಿ ಇಲ್ಲದವರು, ವಿಶೇಷವಾಗಿ ಕಂಡಿಕೆ ಸುತ್ತುವ ಮತ್ತು ಹಾಸು ಮಾಡುವ ಮಹಿಳೆಯರು, ಕೈಮಗ್ಗ ಮತ್ತು ಜವಳಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬೇಕು.

ಪರಿಹಾರದ ನಿಯಮಗಳು ಮತ್ತು ಕಾಗದಪತ್ರ

ಮೇಲೆ ತಿಳಿಸಿದ ಅದೇ ಅವಧಿಯ ಮಾನದಂಡಗಳಂತೆ ಬಯಲು ಪ್ರದೇಶದಲ್ಲಿ ಪೂರ್ಣ ಅಥವಾ ತೀವ್ರ ಹಾನಿಗೊಂಡ ಮನೆಗೆ ₹1,20,000, ಭಾಗಶಃ ಹಾನಿಗೊಂಡ ಪಕ್ಕಾ ಮನೆಗೆ ₹6,500, ಕಚ್ಚಾ ಮನೆಗೆ ₹4,000 ಹಾಗೂ ಗುಡಿಸಲಿಗೆ ₹8,000 ದರ ಇತ್ತು. ಮೃತರ ಕುಟುಂಬಕ್ಕೆ ₹4 ಲಕ್ಷ. ಬಟ್ಟೆಬರೆಗೆ ₹2,500 ಮತ್ತು ಪಾತ್ರೆ-ಸಾಮಾನುಗಳಿಗೆ ₹2,500, ಇವು ಪ್ರತಿ ಕುಟುಂಬಕ್ಕೆ. ನಂತರದ ಅವಧಿಯ ದರಗಳನ್ನು ತಹಶೀಲ್ದಾರರ ಕಚೇರಿಯಲ್ಲಿ ತಿಳಿದುಕೊಳ್ಳತಕ್ಕದ್ದು.

ಇದರಲ್ಲಿ ಮೂರು ಅಂಶಗಳು ಪಟ್ಟಣದ ಬಡವರಿಗೆ ನೇರವಾಗಿ ಸಂಬಂಧಿಸಿವೆ. ಮೊದಲನೆಯದಾಗಿ, ಬಟ್ಟೆ-ಪಾತ್ರೆಗಳ ನೆರವು ಕುಟುಂಬಕ್ಕೆ ಹೊರತು ಮನೆಯ ಮಾಲೀಕನಿಗಲ್ಲ. ಬಾಡಿಗೆದಾರರೂ ಅದಕ್ಕೆ ಅರ್ಹರು. ಒಂದೇ ಮನೆಯಲ್ಲಿ ಎರಡು ಒಲೆಗಳಿದ್ದರೆ ಎರಡು ಕುಟುಂಬಗಳೆಂದು ತೋರಿಸುವ ಪಡಿತರ ಚೀಟಿಗಳಿರಬೇಕು. ಎರಡನೆಯದಾಗಿ, ಈ ನೆರವಿಗೆ ಮನೆ ಕೊಚ್ಚಿಹೋಗಿರಬೇಕು, ಪೂರ್ಣ ಹಾನಿಯಾಗಿರಬೇಕು ಅಥವಾ ಎರಡು ದಿನಗಳಿಗಿಂತ ಹೆಚ್ಚು ಕಾಲ ಜಲಾವೃತವಾಗಿರಬೇಕು ಎಂದಿದೆ. ನಾಲ್ಕು ಗಂಟೆ ನಿಂತು ಹೋದ ಹಳ್ಳದ ನೀರೂ ಜೋಳದ ಚೀಲವನ್ನು ಅಷ್ಟೇ ಹಾಳು ಮಾಡುತ್ತದೆ. ನಿಯಮವು ನದಿಯ ಪ್ರವಾಹವನ್ನು ಕಣ್ಣಮುಂದಿಟ್ಟುಕೊಂಡು ರಚಿತವಾದಂತೆ ಕಾಣುತ್ತದೆ. ರಾಜ್ಯ ಸರ್ಕಾರವು ತನ್ನ ಸಂಪನ್ಮೂಲದಿಂದ ಹೆಚ್ಚುವರಿ ನೆರವು ನೀಡಿದ ನಿದರ್ಶನವಿದೆ. 2019ರಲ್ಲಿ ನಿಧಿಯ ₹3,800ಕ್ಕೆ ₹6,200 ಸೇರಿಸಿ ಒಟ್ಟು ₹10,000 ನೀಡಲಾಯಿತು. ಅಂತಹ ಆದೇಶ ಹೊರಟಾಗ ಅದರ ಲಾಭ ಪಡೆಯಲು ಹಾನಿಯ ದಾಖಲೆ ಕೈಯಲ್ಲಿರಬೇಕು.

ಮೂರನೆಯದು ಎಲ್ಲಕ್ಕಿಂತ ಕಠಿಣ. ಹಾನಿಗೊಂಡ ಮನೆಯು ಸಕ್ಷಮ ಪ್ರಾಧಿಕಾರದಿಂದ ಪ್ರಮಾಣೀಕೃತವಾದ ಅಧಿಕೃತ ನಿರ್ಮಾಣವಾಗಿರಬೇಕೆಂಬ ಷರತ್ತು ಇದೆ. ಹಕ್ಕುಪತ್ರವಿಲ್ಲದ ಕೊಳಗೇರಿ ನಿವಾಸಿಗಳು ಇಲ್ಲಿಯೇ ಹೊರಗುಳಿಯುತ್ತಾರೆ. ಹಕ್ಕುಪತ್ರಕ್ಕಾಗಿ ಕರ್ನಾಟಕ ಕೊಳಗೇರಿ ಅಭಿವೃದ್ಧಿ ಮಂಡಳಿಗೆ ಅಥವಾ ಸ್ಥಳೀಯ ಸಂಸ್ಥೆಗೆ ಸಲ್ಲಿಸಿದ ಅರ್ಜಿಯ ಸ್ವೀಕೃತಿಯನ್ನು ಜೋಪಾನವಾಗಿಡಬೇಕು. 2025ರಲ್ಲಿ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಪ್ರಾರಂಭವಾದ ಬಿ-ಖಾತಾ ಅನಧಿಕೃತ ಸ್ವತ್ತನ್ನು ಅಧಿಕೃತಗೊಳಿಸುವುದಿಲ್ಲವಾದರೂ, ಆ ಸ್ವತ್ತು ಇದೆ ಎಂಬುದಕ್ಕೆ ಕಚೇರಿಯಲ್ಲಿ ಒಂದು ನಮೂದನ್ನು ಮೂಡಿಸುತ್ತದೆ. ಏನೂ ಇಲ್ಲದ ಪಕ್ಷದಲ್ಲಿ ವಿದ್ಯುತ್ ಬಿಲ್ಲು, ಅಡುಗೆ ಅನಿಲದ ಪುಸ್ತಕ, ಮಕ್ಕಳ ಶಾಲಾ ದಾಖಲಾತಿ ಇವುಗಳಾದರೂ ವಾಸಸ್ಥಳವನ್ನು ತೋರಿಸುತ್ತವೆ.

ಹಾನಿಯಾದ ನಂತರ ಕೆಸರನ್ನು ತೊಳೆಯುವ ಮುನ್ನ ಗೋಡೆಯ ಮೇಲಿನ ನೀರಿನ ಗುರುತು, ನೆನೆದ ಧಾನ್ಯ ಮತ್ತು ಮಗ್ಗದ ಛಾಯಾಚಿತ್ರಗಳನ್ನು ಮನೆಯ ಬಾಗಿಲ ಸಂಖ್ಯೆ ಕಾಣುವಂತೆ ತೆಗೆಯಬೇಕು. ಪಂಚನಾಮೆಗೆ ಬರುವ ಕಂದಾಯ ನಿರೀಕ್ಷಕರು, ಗ್ರಾಮ ಆಡಳಿತ ಅಧಿಕಾರಿ ಅಥವಾ ಸ್ಥಳೀಯ ಸಂಸ್ಥೆಯ ಅಭಿಯಂತರರಿಗೆ ಹಾನಿಯನ್ನು ತೋರಿಸಿ, ಬರೆದುದನ್ನು ಓದಿಸಿ ಕೇಳಿದ ನಂತರವೇ ಸಹಿ ಮಾಡಬೇಕು. ಹಣ ಬ್ಯಾಂಕ್ ಖಾತೆಗೆ ಜಮೆಯಾಗುವುದರಿಂದ ಆಧಾರ್‌ನಲ್ಲಿರುವ ಹೆಸರೂ ಖಾತೆಯ ಹೆಸರೂ ಹೊಂದಿಕೆಯಾಗುತ್ತವೆಯೇ ಎಂಬುದನ್ನು ಬೇಸಿಗೆಯಲ್ಲಿಯೇ ಪರಿಶೀಲಿಸಿಕೊಳ್ಳುವುದು ಉತ್ತಮ. ಕಾಗದಪತ್ರಗಳನ್ನು ಒಂದೇ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಗಿಲ ಬಳಿ ಎತ್ತರದ ಗೂಟಕ್ಕೆ ನೇತುಹಾಕಬೇಕು.

ಬಿಸಿಗಾಳಿ

ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಾಗಿದ್ದು, ವಾಡಿಕೆಗಿಂತ 4.5 ಡಿಗ್ರಿ ಅಧಿಕವಾದಾಗ ಹವಾಮಾನ ಇಲಾಖೆ ಬಿಸಿಗಾಳಿಯೆಂದು ಪರಿಗಣಿಸುತ್ತದೆ. ತಗಡಿನ ಮನೆಗಳಲ್ಲಿ ವಾಸಿಸುವವರಿಗೂ, ಇಳಕಲ್ಲಿನ ಗ್ರಾನೈಟ್ ಗಣಿಗಳಲ್ಲಿ ದುಡಿಯುವವರಿಗೂ, ಹಮಾಲರಿಗೂ, ಸಂತೆಯ ವ್ಯಾಪಾರಿಗಳಿಗೂ ಈ ಅಪಾಯ ಅಧಿಕ. ಬಾದಾಮಿಯ ಬಂಡೆಗಳು ಹಗಲಿನ ಕಾವನ್ನು ರಾತ್ರಿಯೂ ಬಿಡುತ್ತವೆ. ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಬಯಲಿನ ಕೆಲಸವನ್ನು ತಪ್ಪಿಸಿ ಬೆಳಗಿನ ವೇಳೆಗೆ ಹೊಂದಿಸಿಕೊಳ್ಳಲು ಮಾಲೀಕರು ಸಹಕರಿಸಬೇಕು. ಬಸ್ ನಿಲ್ದಾಣ ಮತ್ತು ಸಂತೆ ಮೈದಾನಗಳಲ್ಲಿ ಅರವಟ್ಟಿಗೆ ಇಡುವ ಹಳೆಯ ಪದ್ಧತಿಯನ್ನು ಸಂಘ-ಸಂಸ್ಥೆಗಳು ಮುಂದುವರಿಸುವುದು ಸ್ವಾಗತಾರ್ಹ. ಮೈ ಸುಡುತ್ತಿದ್ದು ಮಾತು ತೊದಲಿದರೆ ಅಥವಾ ಪ್ರಜ್ಞೆ ತಪ್ಪಿದರೆ ಅದು ಬಿಸಿಲಿನ ಆಘಾತ; ವ್ಯಕ್ತಿಯನ್ನು ನೆರಳಿಗೆ ತಂದು, ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತ 108ಕ್ಕೆ ಕರೆ ಮಾಡತಕ್ಕದ್ದು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ಮುನ್ಸೂಚನೆ ಪಡೆಯುವ ಬಗೆ

ಹಳದಿ, ಕಿತ್ತಳೆ ಮತ್ತು ಕೆಂಪು ಬಣ್ಣದ ಎಚ್ಚರಿಕೆಗಳಲ್ಲಿ ಕಿತ್ತಳೆ ಬಂದಾಗಲೇ ವೃದ್ಧರು ಮತ್ತು ಗರ್ಭಿಣಿಯರನ್ನು ಸ್ಥಳಾಂತರಿಸುವುದು ಯುಕ್ತ. ಕೆಂಪು ಎಚ್ಚರಿಕೆಯವರೆಗೆ ಕಾದರೆ ಕತ್ತಲೆಯಲ್ಲಿ ಕರೆದೊಯ್ಯಬೇಕಾದೀತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಆ್ಯಪ್, ಸಿಡಿಲಿನ ಮುನ್ಸೂಚನೆಗೆ ‘ದಾಮಿನಿ’ ಹಾಗೂ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್‌ಗಳನ್ನು ಮನೆಯ ಯುವಕ-ಯುವತಿಯರು ಮೊಬೈಲಿನಲ್ಲಿ ಅಳವಡಿಸಿಕೊಂಡು ಹಿರಿಯರಿಗೆ ಓದಿ ಹೇಳಬಹುದು. ಮೊಬೈಲ್ ಇಲ್ಲದವರ ಓಣಿಗಳಲ್ಲಿ ಡಂಗುರ ಮತ್ತು ಆಟೋ ಮೇಲಿನ ಧ್ವನಿವರ್ಧಕಕ್ಕೆ ಈಗಲೂ ಬದಲಿಯಿಲ್ಲ. ಸ್ಥಳೀಯ ಸಂಸ್ಥೆಗಳು ಪ್ರಕಟಣೆಯನ್ನು ಇಲ್ಲಿನ ಆಡುಮಾತಿನಲ್ಲಿ, ಯಾವ ಓಣಿಯವರು ಯಾವ ಶಾಲೆಗೆ ಹೋಗಬೇಕೆಂದು ಹೆಸರಿಟ್ಟು ಹೇಳಿಸಬೇಕು. “ಸಾರ್ವಜನಿಕರು ಸುರಕ್ಷಿತ ಸ್ಥಳಗಳಿಗೆ ತೆರಳತಕ್ಕದ್ದು” ಎಂದಷ್ಟೇ ಸಾರಿದರೆ ಎಲ್ಲಿಗೆಂದು ಯಾರಿಗೂ ತಿಳಿಯುವುದಿಲ್ಲ.

ತುರ್ತು ಸಂದರ್ಭದಲ್ಲಿ 112, ಆಂಬ್ಯುಲೆನ್ಸ್‌ಗೆ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077. ಕರೆ ಮಾಡುವಾಗ ಬಾಗಿಲ ಸಂಖ್ಯೆಗಿಂತ ಹತ್ತಿರದ ಗುಡಿ, ಮಸೀದಿ, ಬಾವಿ ಅಥವಾ ನೀರಿನ ಟಾಕಿಯ ಗುರುತು ಹೇಳಿದರೆ ಸಿಬ್ಬಂದಿ ಬೇಗ ತಲುಪುತ್ತಾರೆ.